ಒಂದು ಗೆರೆಯೂ ಇಲ್ಲದ ನಿಘಂಟು

ಫೆಬ್ರವರಿ 4

ಮಾನ್ಯರೇ,

ಹಳೆಯ ಸಾಮಾನು ಮಾರುವ ಆ್ಯಪ್‌ನಲ್ಲಿ ನಿಮ್ಮಿಂದ ನಿಘಂಟು ಕೊಂಡವಳು ನಾನು. ದೂರನ್ನು ಅಲ್ಲೇ ಕೊಡಬೇಕಿತ್ತು, ಕೊಟ್ಟೆ ಕೂಡ. ಮೂರು ಸಲ ಬರೆದದ್ದಕ್ಕೆ ಮೂರು ಸಲವೂ "ನಿಮ್ಮ ಅನುಭವ ನಮಗೆ ಅಮೂಲ್ಯ" ಎಂಬ ಒಂದೇ ಉತ್ತರ ಬಂತು. ಅಷ್ಟರಲ್ಲಿ ವಸ್ತು ಹಿಂದಿರುಗಿಸುವ ಹತ್ತು ದಿನದ ಗಡುವು ಮುಗಿದುಹೋಯಿತು. ಫೋನಿನಲ್ಲಿ ಜಗಳವಾಡುವುದು ನನ್ನಿಂದ ಆಗುವುದಿಲ್ಲ. ಆ ಕಡೆಯವರು "ಹಲೋ" ಅಂದ ಕೂಡಲೇ ನನ್ನ ಬಾಯಿ ಒಣಗುತ್ತದೆ. ಪಾರ್ಸೆಲ್ಲಿನ ಮೇಲೆ ನಿಮ್ಮ ಹೊಲಿಗೆ ಅಂಗಡಿಯ ವಿಳಾಸವಿತ್ತು. ಹಾಗಾಗಿ ಈ ಕಾಗದ.

ನೀವು ಕೊಟ್ಟ ವಿವರ ಹೀಗಿತ್ತು: "ದೊಡ್ಡ ನಿಘಂಟು. ಹೊಸದರ ಹಾಗೇ ಇದೆ. ಒಳಗೆ ಒಂದು ಗೆರೆಯೂ ಇಲ್ಲ." ನನಗೆ ಬಂದ ನಿಘಂಟಿನಲ್ಲಿ ಇರುವುದು ಗೆರೆಯಲ್ಲ, ಒಂದು ಸಂಸಾರ. ನಾಲ್ಕೈದು ಪುಟಕ್ಕೊಮ್ಮೆ ಅಂಚಿನಲ್ಲಿ ಪೆನ್ಸಿಲ್‌ನಿಂದ ಏನೇನೋ ಬರೆದಿದ್ದಾರೆ. ಸಾಲದ್ದಕ್ಕೆ, ಬರೆದ ಮೇಲೆ ಕೈ ಒರೆಸಿದ ಹಾಗೆ ಪ್ರತಿ ಸಾಲಿನ ಮೇಲೂ ಬೂದು ಬಣ್ಣದ ಕೊಳೆ.

ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಸೇರಿ ಮೂರು ತಿಂಗಳಾಯಿತು. ಅಲ್ಲಿನ ನಿಘಂಟಿಗೆ ಮೊದಲ ನಲವತ್ತು ಪುಟಗಳೇ ಇಲ್ಲ, ಉಳಿದದ್ದನ್ನು ದಾರದಿಂದ ಕಟ್ಟಿಟ್ಟಿದ್ದಾರೆ. ಅಕಾರದ ಪದದಲ್ಲಿ ಅನುಮಾನ ಬಂದಾಗಲೆಲ್ಲ ಹಿರಿಯ ತಿದ್ದುಗಾರರನ್ನು ಕೇಳಬೇಕು. ಕೇಳಿದಾಗಲೆಲ್ಲ ಅವರು "ಕಾಲೇಜಲ್ಲಿ ಸಾಹಿತ್ಯ ಓದಿದ್ದೆ ಅಂದೆಯಲ್ಲಮ್ಮ, ಯಾವ ಅಕ್ಷರದಿಂದ ಶುರು ಮಾಡಿದ್ರು?" ಅನ್ನುತ್ತಾರೆ. ನನ್ನದೇ ಆದ ಒಂದು ಶುದ್ಧ ಪ್ರತಿ ಬೇಕಿತ್ತು, ಅಷ್ಟೇ. ದಯವಿಟ್ಟು ಪುಸ್ತಕ ವಾಪಸ್ ಪಡೆದು ಹಣ ಮರಳಿಸಿ.

ಇಂತಿ,
ನಿಘಂಟು ಕೊಂಡವಳು


ಫೆಬ್ರವರಿ 13

ಗ್ರಾಹಕರಿಗೆ,

ನಿಮ್ಮ ಕಾಗದ ತಲುಪಿತು. ನಾನು ನಲವತ್ತು ವರ್ಷದಿಂದ ಈ ಬೀದಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವನು. ಅಂಗಿ ತೆಗೆದುಕೊಂಡು ಹೋಗಿ, ನಾಲ್ಕು ದಿನ ಹಾಕಿಕೊಂಡು ತಿರುಗಾಡಿ, ಬೆವರು ಹತ್ತಿದ ಮೇಲೆ ತಂದು "ಕಂಕುಳಲ್ಲಿ ಬಿಗಿ" ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ.

ಆ ಪುಸ್ತಕವನ್ನು ನಮ್ಮ ಮನೆಯಲ್ಲಿ ಯಾರೂ ಬಳಸಿಲ್ಲ. ತಂದ ಸ್ವಲ್ಪ ದಿನಕ್ಕೇ ಅದರ ಅಗತ್ಯ ತಪ್ಪಿತು. ಅಂದಿನಿಂದ ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟಿತ್ತು. ಮಾರಾಟದ ವಿಚಾರವೆಲ್ಲ ನೋಡಿಕೊಂಡದ್ದು ನನ್ನ ಭಾವಮೈದ. ಒಳಗೆ ಬರಹ ಇದೆಯಾ ಭಾವ ಎಂದು ಕೇಳಿದ. ಒಂದು ಗೆರೆಯೂ ಇಲ್ಲ ಎಂದು ಹೇಳಿದವನು ನಾನೇ. ಈಗಲೂ ಅದನ್ನೇ ಹೇಳುತ್ತೇನೆ.

ನಿಮ್ಮ ಕೈಗೆ ಬಂದ ಮೇಲೆ ಯಾರು ಬರೆದರೋ ನನಗೆ ಗೊತ್ತಿಲ್ಲ. ಬರೆದು ತುಂಬಿಸಿದ ಪುಸ್ತಕವನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ನಿಜ ಹೇಳಬೇಕೆಂದರೆ ಆ ಪುಸ್ತಕ ಮತ್ತೆ ಈ ಮನೆಗೆ ಬರುವುದೇ ನನಗೆ ಬೇಡ.

ಇಂತಿ,
ಟೈಲರ್


ಫೆಬ್ರವರಿ 19

ಮಾನ್ಯರೇ,

ನನ್ನನ್ನು ಸುಳ್ಳುಗಾರ್ತಿ ಎಂದಿದ್ದೀರಿ, ನೇರವಾಗಿ ಅನ್ನದಿದ್ದರೂ. ಹಾಗಾದರೆ ಒಂದು ಉದಾಹರಣೆ ಕೊಡುತ್ತೇನೆ. ‘ದಪ್ಪ’ ಎಂಬ ಪದದ ಪಕ್ಕದಲ್ಲಿ ಹೀಗೆ ಬರೆದಿದೆ: "ನಮ್ಮ ಅಂಗಡಿಯಲ್ಲಿ ಯಾರೂ ದಪ್ಪ ಆಗುವುದಿಲ್ಲ. ಬಟ್ಟೆ ಕುಗ್ಗುತ್ತದೆ."

ಮೊನ್ನೆ ನಾನು ಊಟಕ್ಕೆ ಎದ್ದಾಗ ನಮ್ಮ ಮ್ಯಾನೇಜರ್ ಮೇಜಿನ ಮೇಲಿದ್ದ ಈ ಪುಸ್ತಕ ತೆರೆದಿದ್ದಾರೆ. ಅವರು ಸ್ವಲ್ಪ ಸ್ಥೂಲಕಾಯದವರು. ತೆರೆದದ್ದು ಇದೇ ಪುಟ. ಕಂಪೋಸಿಂಗ್ ಕೋಣೆಯವರೆಲ್ಲರ ಎದುರು ಗಟ್ಟಿಯಾಗಿ ಓದಿ, "ಯಾರ ಬಗ್ಗೆಯಮ್ಮ ಇದು?" ಎಂದು ಕೇಳಿದರು. ಬರೆದವಳು ನಾನಲ್ಲ ಎಂದರೆ ಒಬ್ಬರೂ ನಂಬಲಿಲ್ಲ. ಅಂದಿನಿಂದ ನಾನು ಒಳಗೆ ಬಂದಾಗಲೆಲ್ಲ ಯಾರೋ ಒಬ್ಬರು "ಬಟ್ಟೆ ಕುಗ್ಗಿತೇನೋ" ಅನ್ನುತ್ತಾರೆ, ಉಳಿದವರು ಕೆಮ್ಮುತ್ತಾರೆ.

ಹೊಲಿಗೆ ಅಂಗಡಿ ಇರುವುದು ನಿಮಗೆ, ನನಗಲ್ಲ. ನಿಮ್ಮ ಮನೆಯಲ್ಲೇ ಯಾರೋ ಬರೆದಿದ್ದಾರೆ. ಕೇಳಿ ನೋಡಿ.

ನನಗೆ ಇನ್ನು ಹಣ ಬೇಡ. ಒಂದು ಒಳ್ಳೆಯ ರಬ್ಬರ್ ತಂದಿದ್ದೇನೆ. ಪುಸ್ತಕ ಕೊಳ್ಳುವಾಗ ಯಾವ ಸ್ಥಿತಿಯಲ್ಲಿ ಇರಬೇಕಿತ್ತೋ ಆ ಸ್ಥಿತಿಗೆ ನಾನೇ ತಂದುಕೊಳ್ಳುತ್ತೇನೆ. ಆ್ಯಪ್‌ನಲ್ಲಿ ನಿಮಗೆ ಒಂದು ನಕ್ಷತ್ರ ಕೊಟ್ಟು "ವಿವರ ಸುಳ್ಳು" ಎಂದು ಬರೆದಿದ್ದೇನೆ. ಅದು ನಿಜ ತಾನೇ?

ನಿಘಂಟು ಕೊಂಡವಳು


ಮಾರ್ಚ್ 28

ತಾಯೀ,

ನಿಮ್ಮ ಎರಡನೆಯ ಕಾಗದ ನನ್ನ ಕೈಗೆ ಸಿಕ್ಕಿದ್ದು ನಿನ್ನೆ. ಅಂಗಡಿಗೆ ಬಂದದ್ದನ್ನು ನನ್ನ ಭಾವಮೈದ ಗುಂಡಿ ಡಬ್ಬಿಯ ಕೆಳಗೆ ಬಚ್ಚಿಟ್ಟಿದ್ದ. ಫೋನಿನಲ್ಲಿ ನೀವು ಬರೆದದ್ದನ್ನು ಅವನು ಮೊದಲೇ ನೋಡಿದ್ದನಂತೆ. "ನೀವು ಬೇಜಾರು ಮಾಡ್ಕೋತೀರ ಅಂತ ಕೊಡಲಿಲ್ಲ ಭಾವ" ಅಂದ. ಅವನನ್ನು ಬಯ್ಯುವ ಶಕ್ತಿ ಕೂಡ ನನಗೆ ಇರಲಿಲ್ಲ.

ಬಟ್ಟೆ ಕುಗ್ಗುತ್ತದೆ ಎಂಬುದು ನನ್ನ ಮಾತು. ಹಳೆಯ ಗಿರಾಕಿಗಳು ಹೊಟ್ಟೆ ಬೆಳೆಸಿಕೊಂಡು ಬಂದಾಗ ಹಾಗೆ ಹೇಳಿ ನಗಿಸುತ್ತಿದ್ದೆ. ಅದನ್ನು ಬರೆದವಳು ನನ್ನ ಮಗಳು.

ಅವಳು ಹೋಗಿ ಎರಡು ವರ್ಷವಾಯಿತು. ಜ್ವರ ಎಂದು ಮಲಗಿದವಳು ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳಿಗೆ ಇಪ್ಪತ್ತೊಂದು. ಅವಳ ಸಾಮಾನು ಒಂದೊಂದಾಗಿ ಕೊಟ್ಟೆವು. ಆ ಪುಸ್ತಕವೊಂದು ಕಣ್ಣಿಗೆ ಬೀಳುತ್ತಲೇ ಇತ್ತು. ಒಂದು ದಿನ ನಡೆದ ಒಂದು ಸಂಗತಿಯ ನಂತರ ಅವಳು ಅದನ್ನು ಮುಟ್ಟಲೇ ಇಲ್ಲ ಎಂದು ನಾನು ತಿಳಿದಿದ್ದೆ. ಹಾಗೆಂದು ಪ್ರಮಾಣ ಮಾಡಿ ಹೇಳುತ್ತಿದ್ದೆ. ನಾನು ಯಂತ್ರದ ಮೇಲೆ ಬಗ್ಗಿಕೊಂಡಿದ್ದಾಗ ನನ್ನ ಬೆನ್ನ ಹಿಂದೆ ಅವಳು ಬರೆಯುತ್ತಿದ್ದಳು ಎಂದಾಯಿತು.

ನಮ್ಮ ಮನೆಯಲ್ಲಿ ಅವಳ ಕೈಬರಹ ಇರುವುದು ಒಂದು ಅಳತೆ ಪುಸ್ತಕದಲ್ಲಿ ಮಾತ್ರ. ಎದೆ ಮೂವತ್ತೆಂಟು, ಉದ್ದ ಇಪ್ಪತ್ತೊಂಬತ್ತು. ಬರೀ ಅಂಕಿ.

ರಬ್ಬರ್ ತಂದಿದ್ದೇನೆ ಎಂದು ಬರೆದಿದ್ದಿರಿ. ಅಷ್ಟು ದೊಡ್ಡ ಪುಸ್ತಕ, ನಿಮಗೆ ಕೆಲಸವೂ ಇದೆ. ಬೇಸರವಾಗಿ ಬಿಟ್ಟಿರುತ್ತೀರಿ ಎಂದು ನಂಬಿದ್ದೇನೆ. ದಯವಿಟ್ಟು ಒಂದು ಅಕ್ಷರವನ್ನೂ ಅಳಿಸಬೇಡಿ. ನೀವು ಹೇಳಿದ ಬೆಲೆ ಕೊಡುತ್ತೇನೆ. ಮೊದಲ ಕಾಗದದಲ್ಲಿ ನಾನು ಬರೆದದ್ದನ್ನೆಲ್ಲ ಮರೆತುಬಿಡಿ. ಪುಸ್ತಕ ಕಳಿಸಿ ತಾಯೀ.

ಟೈಲರ್


ಏಪ್ರಿಲ್ 3
(ಅಂಚೆಗೆ ಹಾಕದ ಕಾಗದ)

ಯಜಮಾನರೇ,

ಬೇಸರವಾಗಿ ಬಿಟ್ಟಿರಲಿಲ್ಲ. ನಾನು ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ದಿನಾ ಸಂಜೆ ಕೆಲಸದಿಂದ ಬಂದು, ಕಿಟಕಿಯ ಹತ್ತಿರ ಕೂತು, ಹದಿಮೂರು ಹದಿನಾಲ್ಕು ಪುಟ ಅಳಿಸುತ್ತಿದ್ದೆ. ನಿಮ್ಮ ಕಾಗದ ಬಂದ ದಿನ ‘ನೊಣ’ ಎಂಬ ಪದದವರೆಗೆ ಬಂದಿದ್ದೆ. ಪಕಾರದಿಂದ ಮುಂದೆ ಎಲ್ಲ ಹಾಗೇ ಇದೆ. ಅದಕ್ಕೆ ಹಿಂದಿನ ಐನೂರು ಪುಟಗಳಲ್ಲಿ ನಿಮ್ಮ ಮಗಳು ಇಲ್ಲ.

ಮೊದಲು ಸಿಟ್ಟಿನಿಂದ ಅಳಿಸಿದೆ. ಆಮೇಲೆ ಒಂದೊಂದನ್ನೂ ಓದಿ ಅಳಿಸತೊಡಗಿದೆ. ಕೆಲವು ಕಡೆ ಒಬ್ಬಳೇ ನಕ್ಕಿದ್ದೇನೆ. ನಕ್ಕು, ಅಳಿಸಿ, ಪುಡಿಯನ್ನು ಊದಿದ್ದೇನೆ. ಯಾಕೆ ನಿಲ್ಲಿಸಲಿಲ್ಲ ಎಂದು ನೀವು ಕೇಳಬಹುದು. ಬೇರೆಯವರ ತಪ್ಪನ್ನು ತೆಗೆದುಹಾಕುವುದು ನನ್ನ ಕೆಲಸ. ಕೈ ಅಭ್ಯಾಸದಿಂದ ಹೋಗುತ್ತಿತ್ತು.


ಏಪ್ರಿಲ್ 4

ಯಜಮಾನರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಬಹಳ ದುಃಖವಾಯಿತು. ಗೊತ್ತಿಲ್ಲದೆ ಒರಟಾಗಿ ಬರೆದಿದ್ದಕ್ಕೆ ಕ್ಷಮಿಸಿ. ಆ್ಯಪ್‌ನಲ್ಲಿ ಬರೆದದ್ದನ್ನು ತೆಗೆದುಹಾಕಿದ್ದೇನೆ.

ಪುಸ್ತಕ ಸುರಕ್ಷಿತವಾಗಿದೆ. ಬೆಲೆಯ ಮಾತೇ ಬೇಡ. ಮುದ್ರಣಾಲಯದಲ್ಲಿ ಈಗ ಕೆಲಸದ ಒತ್ತಡ ಇರುವುದರಿಂದ ಕಳಿಸಲು ಎರಡು ಮೂರು ವಾರ ಬೇಕಾಗಬಹುದು. ದಯವಿಟ್ಟು ತಪ್ಪು ತಿಳಿಯಬೇಡಿ.

ಇಂತಿ,
ನಿಮ್ಮ ಮಗಳ ವಯಸ್ಸಿನವಳು


ಏಪ್ರಿಲ್ 11

ತಾಯೀ,

ಎರಡು ವಾರವಲ್ಲ, ಎರಡು ತಿಂಗಳಾದರೂ ಪರವಾಗಿಲ್ಲ. ಪುಸ್ತಕ ಸುರಕ್ಷಿತ ಎಂಬ ಒಂದು ಮಾತು ಸಾಕು. ನಿಮ್ಮ ಕಾಗದವನ್ನು ಅಂಗಡಿಯ ಕನ್ನಡಿಗೆ ಸಿಕ್ಕಿಸಿದ್ದೇನೆ. ಅಳತೆ ಕೊಡಲು ನಿಂತವರೆಲ್ಲ ಅದನ್ನು ಓದುತ್ತಾರೆ. ಓದಲಿ.

ನಿಮಗೆ ಒಂದು ವಿಷಯ ಹೇಳಬೇಕು. ಹೇಳದೆ ಪುಸ್ತಕ ತರಿಸಿಕೊಂಡರೆ ಕಳ್ಳತನ ಮಾಡಿದ ಹಾಗಾಗುತ್ತದೆ.

ಅವಳು ಮೇಷ್ಟ್ರ ತರಬೇತಿಗೆ ಸೇರಬೇಕು ಎಂದಿದ್ದಳು. ಅದಕ್ಕೆ ಪ್ರವೇಶ ಪರೀಕ್ಷೆ. ನಿಘಂಟು ತಂದದ್ದೂ ಅದಕ್ಕೇ. ಪರೀಕ್ಷೆಯ ದಿನ ನನ್ನ ಮೇಲೆ ಒಂದು ಶಾಲೆಯ ಸಮವಸ್ತ್ರದ ಕೆಲಸ ಬಿದ್ದಿತ್ತು. ಸಂಜೆಯೊಳಗೆ ಕೊಡಲೇಬೇಕು. ಕೆಲಸದವನು ಕೈ ಕೊಟ್ಟ. ಬೆಳಿಗ್ಗೆ ಅವಳು ತಲೆ ಬಾಚಿಕೊಂಡು ಹೊರಟು ನಿಂತಾಗ, "ಪರೀಕ್ಷೆ ಮುಂದಿನ ವರ್ಷವೂ ಬರುತ್ತಮ್ಮ, ಈ ಗಿರಾಕಿ ಹೋದ್ರೆ ಬರಲ್ಲ" ಅಂದೆ. ಅವಳು ಚಪ್ಪಲಿ ಬಿಟ್ಟು ಯಂತ್ರದ ಮುಂದೆ ಕೂತಳು.

ಮುಂದಿನ ವರ್ಷದ ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಅವಳು ಹೋದಳು.

ಅವಳು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಅತ್ತಿದ್ದರೆ, ಕೂಗಾಡಿದ್ದರೆ ಚೆನ್ನಾಗಿತ್ತು. ಮನೆಯವಳು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ಆದರೆ ಎರಡು ವರ್ಷದಿಂದ ನನಗೆ ತಟ್ಟೆ ಇಟ್ಟು ಒಳಗೆ ಹೋಗಿಬಿಡುತ್ತಾಳೆ. ಜೊತೆಗೆ ಕೂರುವುದಿಲ್ಲ. ಈ ಪುಸ್ತಕದಲ್ಲಿ ನನ್ನ ಮೇಲಿನ ಕೋಪ ಇದ್ದೇ ಇರುತ್ತದೆ. ನೀವು ಓದಿದ್ದರೂ ನನಗೆ ಮೊದಲೇ ಹೇಳಬೇಡಿ. ಅದು ಏನಿದ್ದರೂ ಅವಳ ಕೈಯಿಂದಲೇ ನನಗೆ ಸಿಗಲಿ.

ಟೈಲರ್


ಏಪ್ರಿಲ್ 29

ಯಜಮಾನರೇ,

ಪುಸ್ತಕವನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಹಳೆಯ ಕರಡು ಹಾಳೆಗಳಲ್ಲಿ ಎರಡು ಸುತ್ತು ಸುತ್ತಿದ್ದೇನೆ, ಮೂಲೆ ಮಡಚಿಕೊಳ್ಳಲಾರದು. ಪೆನ್ಸಿಲ್ ಬರಹವಾದ್ದರಿಂದ ಕೆಲವು ಕಡೆ ಮಾಸಿರಬಹುದು. ಉತ್ತರ ಬರೆಯಬೇಕೆಂದಿಲ್ಲ.

ಇಂತಿ,
ಕರಡು ತಿದ್ದುವವಳು


ಮೇ 7

ತಾಯೀ,

ಪುಸ್ತಕ ಬಂತು. ಅಂಗಡಿಯ ಬಾಗಿಲು ಅರ್ಧ ಎಳೆದು ಓದಲು ಕೂತೆ. ಗಿರಾಕಿಗಳು ಬಗ್ಗಿ ನೋಡಿ, ಯಾರಾದರೂ ಹೋಗಿಬಿಟ್ಟರೇ ಎಂದು ಕೇಳಿದರು. ಇಲ್ಲ, ಬಂದಿದ್ದಾರೆ ಎಂದೆ.

ಎಷ್ಟೊಂದು ಬರೆದಿದ್ದಾಳೆ. ‘ಸೂಜಿ’ಯ ಹತ್ತಿರ, "ಇದು ಕಳೆದಾಗ ಮಾತ್ರ ನಮ್ಮ ಮನೆಯವರೆಲ್ಲ ಒಟ್ಟಿಗೆ ಕೂರುತ್ತೇವೆ, ಹುಡುಕಲು." ‘ಬೆನ್ನು’ ಎಂಬಲ್ಲಿ, "ಅಪ್ಪನ ಮುಖಕ್ಕಿಂತ ಹೆಚ್ಚು ನಾನು ನೋಡಿರುವುದು ಇದನ್ನು." ಅದನ್ನು ಓದಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಆಮೇಲೆ ಧೈರ್ಯ ಮಾಡಿ ‘ಕೋಪ’ ತೆಗೆದೆ. ನೀವು ಓದಿರಬಹುದು. "ಅಪ್ಪನ ಮೇಲೆ ಇಲ್ಲ" ಎಂದು ಬರೆದಿದ್ದಾಳೆ. ಮೂರೇ ಪದ.

ಮನೆಗೆ ಓಡಿದೆ. ಈ ವಯಸ್ಸಿನಲ್ಲಿ ಬೀದಿಯಲ್ಲಿ ಓಡಿದ್ದನ್ನು ನೋಡಿ ಎದುರಿನ ಔಷಧಿ ಅಂಗಡಿಯವನೂ ಹಿಂದೆ ಬಂದ. ಮನೆಯವಳಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ನಾನೇ ಓದಿ ಹೇಳಿದೆ. ಮಧ್ಯಾಹ್ನ ತಟ್ಟೆ ಇಟ್ಟವಳು ಒಳಗೆ ಹೋಗಲಿಲ್ಲ. ತನ್ನ ತಟ್ಟೆಯನ್ನೂ ತಂದು ಪಕ್ಕದಲ್ಲಿ ಕೂತಳು. ಊಟ ಅರ್ಧವಾದ ಮೇಲೆ, "ಅವಳಿಗೆ ನಿಮ್ಮ ಮೇಲೆ ಯಾವತ್ತೂ ಕೋಪ ಇರಲಿಲ್ಲ, ನನಗೇ ಇದ್ದದ್ದು" ಅಂದಳು.

ನಿಮಗೆ ಒಂದು ಅಂಗಿ ಹೊಲಿಯಬೇಕು. ಅಳತೆ ಕಳಿಸಿ.

ಟೈಲರ್


ಮೇ 31

ಕರಡು ತಿದ್ದುವವರಿಗೆ,

ನೀವು ಅಳತೆ ಕಳಿಸಲಿಲ್ಲ. ಯಾಕೆ ಎಂದು ಈಗ ಗೊತ್ತಾಗಿದೆ.

ನಮ್ಮಲ್ಲಿಗೆ ರಿಪೇರಿಗೆ ಬಟ್ಟೆ ಬರುತ್ತದೆ. ಅರ್ಧ ಒಬ್ಬರು ಹೊಲಿದಿರುತ್ತಾರೆ, ಇನ್ನರ್ಧ ಇನ್ನೊಬ್ಬರು. ನೂಲು ಒಂದೇ, ಬಣ್ಣ ಒಂದೇ. ಆದರೂ ಒಂದು ಕೈ ಎಲ್ಲಿ ನಿಂತಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ನಾವು ಬೆರಳಿಟ್ಟು ಹೇಳುತ್ತೇವೆ. ಮೊದಲ ದಿನ ಸಂತೋಷದಲ್ಲಿ ಕಾಣಲಿಲ್ಲ. ಆಮೇಲೆ ದಿನಾ ಓದುತ್ತಾ ಓದುತ್ತಾ ಕಂಡಿತು.

ಅವಳು ಎಡಗೈಯವಳು. ಮನೆಯಲ್ಲಿ ಎಡಚಿ ಎಂದೇ ಕರೆಯುತ್ತಿದ್ದೆವು. ಅವಳಿಗೆಂದೇ ಬೇರೆ ಕತ್ತರಿ ತರಿಸಿದ್ದೆ. ಬರೆಯುವಾಗ ಅವಳ ಕೈ ಬರೆದ ಸಾಲಿನ ಮೇಲೇ ಹಾದು ಹೋಗುತ್ತಿತ್ತು. ಶಾಲೆಯಲ್ಲಿ ಅದಕ್ಕೇ ಏಟು ತಿನ್ನುತ್ತಿದ್ದಳು. ಕಿರುಬೆರಳಿನ ಬುಡ ಯಾವಾಗಲೂ ಕಪ್ಪಗೆ. ಪಕಾರದಿಂದ ಮುಂದೆ ಪ್ರತಿ ಸಾಲಿನ ಮೇಲೂ ಕೈ ಒರೆಸಿದ ಗುರುತಿದೆ. ಅದಕ್ಕಿಂತ ಮೊದಲು ಒಂದು ಸಾಲಿನ ಮೇಲೂ ಇಲ್ಲ. ಎಲ್ಲ ಸ್ವಚ್ಛವಾಗಿದೆ. ನಿಮ್ಮ ಮೊದಲ ಕಾಗದವನ್ನು ಹುಡುಕಿ ತೆಗೆದೆ. ಅದರಲ್ಲಿ ಕೊಳೆ ಎಂದು ನೀವೇ ಬರೆದಿದ್ದೀರಿ.

ನೀವು ಅಳಿಸಿದಿರಿ. ಅದು ನನ್ನ ತಪ್ಪು. ಒಂದು ಗೆರೆಯೂ ಇಲ್ಲ ಎಂದವನು ನಾನು. ನೀವು ಅದನ್ನು ಹಾಗೇ ಮಾಡಿಕೊಂಡಿರಿ. ಆದರೆ ಅಳಿಸಿದ ಮೇಲೆ ಹಾಗೇ ಬಿಟ್ಟು ಕಳಿಸಬಾರದಿತ್ತೇ? ಹೊಲಿಗೆ ಬಿಚ್ಚಿದ ಬಟ್ಟೆಯಲ್ಲಿ ತೂತು ಉಳಿಯುತ್ತದೆ. ಬೆಳಕಿಗೆ ಹಿಡಿದರೆ ಮೊದಲಿನ ಹೊಲಿಗೆ ಎಲ್ಲಿತ್ತು ಎಂದು ಕಾಣುತ್ತದೆ. ಪೆನ್ಸಿಲ್ ಒತ್ತಿದ ಕಾಗದವೂ ಹಾಗೇ. ನಾನು ಕುರುಡನ ಹಾಗೆ ಬೆರಳಾಡಿಸಿಯಾದರೂ ಓದುತ್ತಿದ್ದೆ. ನೀವು ಆ ಗುರುತಿನ ಮೇಲೇ ಬರೆದಿದ್ದೀರಿ. ಈಗ ಬೆಳಕಿಗೆ ಹಿಡಿದರೆ ನಿಮ್ಮ ಕೈ ಮಾತ್ರ ಕಾಣುತ್ತದೆ.

ಬಯ್ಯುವುದಕ್ಕೆ ಬರೆಯುತ್ತಿಲ್ಲ. ಒಂದೇ ಒಂದು ಕೇಳುತ್ತೇನೆ. ಕೋಪದ ಹತ್ತಿರ ಇರುವುದು ಯಾರ ಮಾತು?

ಟೈಲರ್


ಜೂನ್ 6

ಯಜಮಾನರೇ,

ನನ್ನ ಮಾತು.

ಈ ಎರಡು ಪದ ಬರೆಯಲು ಎರಡು ದಿನ ಬೇಕಾಯಿತು. ಈಗ ಉಳಿದದ್ದನ್ನೂ ಹೇಳುತ್ತೇನೆ.

ಅಳಿಸಬೇಡಿ ಎಂದ ನಿಮ್ಮ ಕಾಗದ ಬಂದಾಗ ನಾನು ನಕಾರ ಮುಗಿಸುತ್ತಿದ್ದೆ. ನಿಜ ಬರೆದೆ, ಅಂಚೆಗೆ ಹಾಕಲಿಲ್ಲ. ಬದಲಿಗೆ ಸುರಕ್ಷಿತವಾಗಿದೆ ಎಂದು ಬರೆದೆ. ಆಮೇಲೆ ಮೂರು ವಾರ ಪ್ರತಿ ಸಂಜೆ ಪುಟವನ್ನು ದೀಪಕ್ಕೆ ಓರೆಯಾಗಿ ಹಿಡಿದು, ಕಂಡ ಗುರುತಿನ ಮೇಲೆ ಬರೆಯುತ್ತಾ ಹೋದೆ. ಕಾಣದಿದ್ದಲ್ಲಿ ನೆನಪಿನಿಂದ ಬರೆದೆ. ನೆನಪೂ ಇಲ್ಲದಿದ್ದಲ್ಲಿ ಬಿಟ್ಟೆ. ಉಳಿದ ಪುಟಗಳನ್ನು ಮುಂದಿಟ್ಟುಕೊಂಡು ಅವಳ ಅಕ್ಷರವನ್ನು ಕಲಿತೆ. ಅವಳ ‘ಳ’ದ ಬಾಲ, ‘ಮ’ದ ಹೊಟ್ಟೆ, ಎಲ್ಲ ಕಲಿತೆ. ಆ ಬೂದು ಗುರುತು ಮಾತ್ರ ನನಗೆ ಕೊಳೆಯಾಗೇ ಉಳಿಯಿತು. ತಪ್ಪು ಹುಡುಕುವುದಕ್ಕೆ ಸಂಬಳ ಪಡೆಯುವವಳು ನಾನು.

ಅಲ್ಲಿರುವ ಮಾತುಗಳೆಲ್ಲ ಅವಳವು, ಕೈ ನನ್ನದು. ಕೋಪ ಒಂದನ್ನು ಬಿಟ್ಟು.

ಪರೀಕ್ಷೆಯ ಬಗ್ಗೆ ನೀವು ಬರೆದಿದ್ದನ್ನು ಓದಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅಲ್ಲಿದ್ದ ಗುರುತನ್ನು ಉಗುರಿನಿಂದ ಉಜ್ಜಿ ಮಟ್ಟ ಮಾಡಿ, ಆ ಮೂರು ಪದ ಬರೆದೆ. ನಿಮಗೆ ಏನಾದರೂ ಕೊಡಬೇಕು ಅನ್ನಿಸಿತ್ತು. ಹೀಗೆ ಹೇಳಿದರೆ ಒಳ್ಳೆಯವಳ ಹಾಗೆ ಕೇಳಿಸುತ್ತದೆ. ಅಳಿಸಿದ್ದರ ಭಾರವನ್ನು ಇಳಿಸಿಕೊಳ್ಳಲು ಬರೆದೆ ಎಂಬುದೂ ಅಷ್ಟೇ ನಿಜ. ಅಲ್ಲಿ ಅವಳು ಬರೆದಿದ್ದುದು ಹೀಗೆ: "ಅಳತೆ ಟೇಪು ಸಿಗದಿದ್ದಾಗ ಅಪ್ಪನಿಗೆ ಬರುವಂಥದ್ದು. ಟೇಪು ಕೊರಳಲ್ಲೇ ಇರುತ್ತದೆ." ಓದಿ ನಕ್ಕದ್ದರಿಂದ ಚೆನ್ನಾಗಿ ನೆನಪಿದೆ. ನಿಮ್ಮ ಬಗ್ಗೆ ಒಂದು ತಮಾಷೆಯಿದ್ದ ಜಾಗದಲ್ಲಿ ನಾನು ಸುಳ್ಳನ್ನಿಟ್ಟೆ. ನಿಮ್ಮ ಜಾಹೀರಾತಿನ ಕೆಳಗೆ ಬರೆದಿದ್ದ "ವಿವರ ಸುಳ್ಳು" ಎಂಬುದು ನಾನು ಕಳಿಸಿದ ಪಾರ್ಸೆಲ್ಲಿಗೆ ಸಲ್ಲಬೇಕಾದದ್ದು.

ಇನ್ನೊಂದು ಇದೆ. ಇದನ್ನು ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಅವಳ ಕೈಯಿಂದಲೇ ಸಿಗಲಿ ಎಂದು ನೀವು ಕೇಳಿದ್ದಿರಿ.

‘ತೋಳು’ ಎಂಬ ಪದದ ಪಕ್ಕ ಆ ಪರೀಕ್ಷೆಯ ದಿನದ ಸಾಲು ಇತ್ತು. ಅಳಿಸುವಾಗ ಅದು ಏನೆಂದು ನನಗೆ ಅರ್ಥವಾಗಿರಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಅರ್ಥವಾಯಿತು. ನಿಮಗೆ ನೋವಾಗುತ್ತದೆ ಎಂದು ಅದನ್ನು ಮತ್ತೆ ಬರೆಯಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟೆ. ಹಾಗಾಗಿ ಆ ಅಂಚಿನಲ್ಲಿ ನನ್ನ ಪೆನ್ಸಿಲ್ ತಾಗಿಲ್ಲ. ಬೆಳಗಿನ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಅದರಲ್ಲಿ ಏನಿದೆ ಎಂದು ನಾನು ಹೇಳುವುದಿಲ್ಲ. ನಾನು ಹೇಳಿದರೆ ಮತ್ತೆ ನನ್ನ ಮಾತಾಗುತ್ತದೆ.

ಇಂತಿ,
ಅಳಿಸಿದವಳು


ಜುಲೈ 2

ತಾಯೀ,

ನೋಡಿದೆ. ಎರಡು ದಿನ ಮೋಡವಿತ್ತು. ಮೂರನೆಯ ದಿನ ಅಂಗಡಿಯ ಕಿಟಕಿಗೆ ಬಿಸಿಲು ಬಂತು. ಮೊದಲು ಕಾಣಲಿಲ್ಲ. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಮೆಲ್ಲಗೆ ಸವರಿದೆ. ಅಕ್ಷರಗಳು ಬಿಳಿಯಾಗಿ ಎದ್ದವು.

"ಇವತ್ತು ಪರೀಕ್ಷೆ. ಹದಿನಾಲ್ಕು ತೋಳು ಹೊಲಿದೆ."

ಅಷ್ಟೇ. ಮುಂದೆ ಏನಾದರೂ ಇರುತ್ತದೆ ಎಂದು ಪುಟದ ಕೆಳಗಿನವರೆಗೂ ಸವರಿದೆ. ಏನೂ ಇಲ್ಲ.

ಅಂದು ಉಳಿದಿದ್ದುದು ಎಂಟು ಅಂಗಿ. ಎಂಟು ಅಂಗಿಗೆ ಹದಿನಾರು ತೋಳು. ಮೂರು ಗಂಟೆಯ ಹೊತ್ತಿಗೆ ಅವಳು ಯಂತ್ರ ನಿಲ್ಲಿಸಿ ಎದ್ದು, ಮುಖ ತೊಳೆದುಕೊಂಡು ಬಂದು ಬಾಗಿಲ ಹತ್ತಿರ ಬೀದಿ ನೋಡುತ್ತಾ ನಿಂತಳು. ಸುಸ್ತಾಗಿರಬೇಕು ಎಂದುಕೊಂಡೆ. ಉಳಿದ ಎರಡು ತೋಳನ್ನು ನಾನೇ ಹೊಲಿದೆ. ಪರೀಕ್ಷೆ ಮುಗಿಯುವುದು ಮೂರು ಗಂಟೆಗೆ ಎಂದು ನನಗೆ ಗೊತ್ತಾದದ್ದು ಬಹಳ ದಿನದ ನಂತರ, ಅವಳ ಪ್ರವೇಶ ಪತ್ರ ಸಿಕ್ಕಾಗ. ಹದಿನಾಲ್ಕು ಸರಿಯಾಗಿದೆ. ಇದು ಅವಳದೇ.

ಕೋಪ ಇದೆಯೋ ಇಲ್ಲವೋ ಅವಳು ಹೇಳಿಲ್ಲ. ಎಷ್ಟು ಹೊಲಿದೆ ಎಂದು ಮಾತ್ರ ಹೇಳಿದ್ದಾಳೆ. ಇನ್ನು ನಾನು ಯಾರನ್ನೂ ಕೇಳುವ ಹಾಗಿಲ್ಲ.

ನಿಮಗೆ ಇನ್ನೂ ಏನಾದರೂ ನೆನಪಾದರೆ ಕಾಗದದಲ್ಲಿ ಬರೆದು ಕಳಿಸಿ. ನಿಮ್ಮದೇ ಅಕ್ಷರದಲ್ಲಿ ಬರೆಯಿರಿ. ನೆನಪಾಗದಿದ್ದರೆ ನೆನಪಿಲ್ಲ ಎನ್ನಿ. ಅವಳು ಬರೆದದ್ದನ್ನು ಓದಿ ನಕ್ಕವರು ಇಡೀ ಲೋಕದಲ್ಲಿ ನೀವು ಒಬ್ಬರೇ. ನಿಮ್ಮ ಮೇಲೆ ನನಗೆ ಸಿಟ್ಟು ಮಾಡಿಕೊಂಡು ಕೂರಲೂ ಆಗುತ್ತಿಲ್ಲ.

ಕೋಪದ ಹತ್ತಿರ ನೀವು ಬರೆದದ್ದನ್ನು ಅಳಿಸೋಣ ಎಂದು ಪುಸ್ತಕವನ್ನು ಮನೆಗೆ ತೆಗೆದುಕೊಂಡು ಹೋದೆ. ರಬ್ಬರ್ ಕೂಡ ಜೇಬಿನಲ್ಲಿತ್ತು. ಮನೆಯವಳು ಎರಡು ತಟ್ಟೆ ಹಾಕಿಕೊಂಡು ಕಾಯುತ್ತಿದ್ದಳು. ಅವಳಿಗೆ ನಾನು ಏನೂ ಹೇಳಿಲ್ಲ. ಹೇಳಿದರೆ ಆ ಎರಡನೆಯ ತಟ್ಟೆ ಒಳಗೆ ಹೋಗುತ್ತದೆ.

ಕನ್ನಡಕ ಹಾಕಿದರೂ ಆ ಪೆನ್ಸಿಲ್ ಅಕ್ಷರ ಅವಳಿಗೆ ಕಾಣುವುದಿಲ್ಲ. ಊಟವಾದ ಮೇಲೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂರುತ್ತಾಳೆ. "ಅದನ್ನ ಇನ್ನೊಂದ್ಸಲ ಓದಿ" ಅನ್ನುತ್ತಾಳೆ.

ದಿನಾ ಓದುತ್ತೇನೆ.

ಟೈಲರ್